ಕಂಬಳಿ ಕರಡಿ ಚಿತ್ರ ಮಾಡಿದವರು ಯಾರು? ಹೇಗೆ ಮಾಡಿದ್ರಿ ಸ್ವಲ್ಪ ಹೇಳ್ತೀರಾ?

ದೃಶ್ಯಕಲೆ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ನಮ್ಮ ಸೋದರತ್ತೆ ಮನೆ ಹತ್ತಿರ ಒಂದು ಖಾನಾವಳಿ ಇದೆ. ಅಲ್ಲಿ ಗೋಡೆ ಮೇಲೆ ಕರಡಿ ಹುತ್ತ ಕೆರೆಯೋ ಚಿತ್ರ ಹಾಕಿದ್ದಾರೆ. ನಾಲ್ಕಡಿ ಅಗಲ, ಮೂರಡಿ ಎತ್ತರ ಇರಬಹುದು. ದೂರದಿಂದ ಆಯಿಲ್ ಪೇಂಟಿಂಗ್ ಅಂದ್ಕೊಂಡೆ. ಹತ್ತಿರ ಹೋದ್ರೆ ಮೈಯೆಲ್ಲ ಕರಿ ಕಂಬಳಿ ಎಳೆ, ಹುತ್ತ ನಿಜವಾದ ಮಣ್ಣು, ಆದ್ರೆ ಮೂತಿ ಬರೀ ಬಣ್ಣ. ಎಲ್ಲಿ ಬಣ್ಣ ಮುಗಿದು ಎಲ್ಲಿ ಉಣ್ಣೆ ಶುರುವಾಗುತ್ತೆ ಅಂತ ಎಷ್ಟು ನೋಡಿದ್ರೂ ಗೊತ್ತಾಗ್ಲಿಲ್ಲ. 'ಬೋರ್ಡ್ ಬರೆಯೋ ಅಜ್ಜ ಮಾಡಿದ್ದು, ನಿಮ್ಮ ಚಿತ್ರಕಲೆ ಗುಂಪಲ್ಲೇ ಇದ್ದಾರೆ' ಅಂದ್ರು ಖಾನಾವಳಿಯವರು.

ನಂದು ಕೊನೇ ವರ್ಷ. ಮಿಶ್ರ ಮಾಧ್ಯಮದಲ್ಲಿ, ಅಂದ್ರೆ ಬಣ್ಣದ ಜೊತೆ ಬೇರೆ ಸಾಮಾನೂ ಸೇರಿಸಿ, ಒಂದು ಪ್ರಾಣಿ ಮಾಡಬೇಕು. ಊರು ಹೊನ್ನಾಳಿ ಕಡೆ, ಹಾಗಾಗಿ ದೀಪಾವಳಿ ಆದ್ಮೇಲೆ ಓಡಿಸ್ತಾರಲ್ಲ, ಆ ಹೋರಿ ತಗೊಂಡಿದ್ದೀನಿ. ಗೋಣಿತಾಟು, ಪೇಪರ್ ಕಟಿಂಗ್, ಗೆಜ್ಜೆ, ಕೊಬ್ಬರಿ ಗಿಟಕು, ರಿಬ್ಬನ್ ಎಲ್ಲ ಅಂಟಿಸಿದೆ. ನಮ್ಮ ಸರ್ ನೋಡಿ 'ಜಾತ್ರೆ ಅಂಗಡಿ ಚೆನ್ನಾಗಿದೆ, ಹೋರಿ ಎಲ್ಲಿ?' ಅಂದ್ಬಿಟ್ರು.

ಅಜ್ಜ ಇದನ್ನ ಓದ್ತಿದ್ರೆ ದಯವಿಟ್ಟು ಹೇಳಿ: ಕರಡಿನೇ ಯಾಕೆ? ಮೊದಲು ಸ್ಕೆಚ್ ಮಾಡ್ಕೊಂಡ್ರಾ, ಸಾಮಾನು ಸಿಕ್ಕಿದ ಮೇಲೆ ಚಿತ್ರ ಹೊಳೀತಾ? ಆ ಮಣ್ಣು ಯಾಕೆ ಬಿರುಕು ಬಿಟ್ಟಿಲ್ಲ?

ಬೋರ್ಡ್ ಪೇಂಟರ್, ಚಿತ್ರದುರ್ಗ

ಅಜ್ಜ ಅನ್ನೋಷ್ಟು ವಯಸ್ಸಾಗಿಲ್ಲ ಅಂತ ಆ ಖಾನಾವಳಿಯವನಿಗೆ ಹೇಳಮ್ಮ. ಗಡ್ಡ ಮಾತ್ರ ಬೆಳ್ಳಗಾಗಿದೆ. ಊಟದ ಬಾಕಿಗೆ ಆ ಚಿತ್ರ ಕೊಟ್ಟಿದ್ದು ಅನ್ನೋದನ್ನ ಅವನು ಹೇಳಿಲ್ಲ, ದೊಡ್ಡ ಮನಸ್ಸು.

ಕರಡಿ ಯಾಕೆ ಅಂದ್ರೆ, ನಾನು ಅದರ ಮೇಲೆ ಕೂತವನು. ನಾನು ಹುಟ್ಟಿ ಬೆಳೆದಿದ್ದು ಚಳ್ಳಕೆರೆ. ಚಿಕ್ಕವರಿದ್ದಾಗ ಕರಡಿ ಆಡಿಸೋರು ಬೀದಿಗೆ ಬರೋರು. ವನ್ಯಜೀವಿ ಕಾಯ್ದೆ 1972ಕ್ಕೇ ಬಂದಿತ್ತು, ಆದ್ರೆ ನಮ್ಮ ಬೀದಿಗೆ ಅದು ತಲುಪೋಕೆ ಬಹಳ ಕಾಲ ಹಿಡೀತು. ಮಕ್ಕಳನ್ನ ಕರಡಿ ಬೆನ್ನಿಗೆ ಕೂರಿಸಿದ್ರೆ ಅಂಜಿಕೆ ಹೋಗುತ್ತೆ ಅಂತ ನಂಬಿಕೆ. ನಮ್ಮವ್ವ ಕಾಸು ಕೊಟ್ಟು ನನ್ನನ್ನೂ ಹತ್ತಿಸಿದ್ಲು, ಅದರ ಕೂದಲು ಹಾಕಿದ ತಾಯಿತಾನೂ ಕಟ್ಟಿಸಿದ್ಲು. ಅಂಜಿಕೆ ಹೋಯ್ತೋ ಇಲ್ವೋ, ತೊಡೆಗೆ ಚುಚ್ಚಿದ ಆ ಒರಟು ಕೂದಲು, ಅದರ ಕೆಳಗೆ ಅಲ್ಲಾಡೋ ಸಡಿಲ ಚರ್ಮ ಈಗಲೂ ನೆನಪಿದೆ. ಮೂಗಿಗೆ ತೂತು ಮಾಡಿ ಹಗ್ಗ ಪೋಣಿಸಿದ್ರು. ಅದು ದೊಡ್ಡವನಾದ ಮೇಲೆ ಅರ್ಥ ಆಗಿದ್ದು.

ಬ್ರಷ್ ಹಿಡಿಯೋದು ಕಲಿತಿದ್ದು ಚಳ್ಳಕೆರೆಯ ಬೋರ್ಡ್ ಅಂಗಡಿಯಲ್ಲಿ. ನಮ್ಮ ಮೇಸ್ತ್ರಿ 1971ರ ಚುನಾವಣೆಗೆ ಇಂದಿರಾ ಗಾಂಧಿಯವರ ಪಕ್ಷದ ಹಸು-ಕರು ಗುರುತನ್ನ ಹಳ್ಳಿಹಳ್ಳಿ ಗೋಡೆಗೆ ಬರೆದೋರು. ಪ್ರಾಣಿ ಬರೀಬೇಕಾದ್ರೆ ಮುಖಕ್ಕೆ ಕೈ ಹಾಕೋಕೆ ಬಿಡ್ತಿರಲಿಲ್ಲ. ಕೊಂಬಿನ ಬುಡದಿಂದ ಬಾಲದವರೆಗೆ ಬೆನ್ನಿನ ಗೆರೆ ಒಂದೇ ಉಸಿರಲ್ಲಿ ಎಳೀಬೇಕು. ಅದು ಸರಿಯಾಗೋವರೆಗೂ ಸುಣ್ಣ ಬಳಿದು ಮತ್ತೆ ಎಳೆಸೋರು. ಇವತ್ತಿಗೂ ನಾನು ಹಾಗೇ ಮಾಡೋದು. ಕರಡಿ ನೆಲ ಕೆರೆಯುವಾಗ ತಲೆ ತಗ್ಗಿಸುತ್ತೆ, ಭುಜದ ಮೇಲಿನ ಜೂಲು ತಲೆಗಿಂತ ಎತ್ತರಕ್ಕೆ ಬರುತ್ತೆ, ಹಿಂಭಾಗ ಮೇಲೆದ್ದಿರುತ್ತೆ. ಆ ಗೆರೆ ಕೂತರೆ ಕಣ್ಣು ಮೂಗು ಇಲ್ಲದಿದ್ರೂ ಕರಡಿ ಅಂತ ಗೊತ್ತಾಗುತ್ತೆ.

ಸ್ಕೆಚ್ ಮೊದಲು, ಸಾಮಾನು ಆಮೇಲೆ. ಜೋಗಿಮಟ್ಟಿ ದಾರಿಯ ಆಡುಮಲ್ಲೇಶ್ವರ ಕಿರು ಮೃಗಾಲಯದಲ್ಲಿ ನಿಂತು ಬರ್ಕೊಂಡೆ. ಅಲ್ಲಿ ಅದು ಮಲಗಿರೋದೇ ಜಾಸ್ತಿ, ಕೆರೆಯೋದು ಸಿಗಲಿಲ್ಲ. ದರೋಜಿಗೆ ಹೋದೆ. 1994ರಲ್ಲಿ ಕರಡಿಗೆ ಅಂತಲೇ ಮಾಡಿದ ಧಾಮ ಅದು. ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲ, ಜೇನು ಬೆರೆಸಿದ್ದು ಸವರಿಡ್ತಾರೆ, ಜನ ದೂರದ ಗೋಪುರದಿಂದ ನೋಡಬೇಕು. ಕಣ್ಣು ಮೂಗು ಏನೂ ಕಾಣಲ್ಲ. ಬೆನ್ನಷ್ಟೇ ಕಾಣುತ್ತೆ, ನನಗೂ ಅಷ್ಟೇ ಬೇಕಿತ್ತು.

ಈಗ ಸಾಮಾನಿನ ವಿಷಯ. ನಿಮ್ಮ ಸರ್ ಹೇಳಿದ್ದು ಸರಿ ಇದೆ ಅನ್ಸುತ್ತೆ, ಬೇಜಾರು ಮಾಡ್ಕೋಬೇಡ. ಪಿಕಾಸೊ 1942ರಲ್ಲಿ ಸೈಕಲ್ ಸೀಟು, ಹ್ಯಾಂಡಲ್ ಎರಡೇ ಸೇರಿಸಿ ಹೋರಿ ತಲೆ ಮಾಡಿದ. ಮೂರನೇ ಸಾಮಾನು ಇಲ್ಲ. ಸೀಟು ಮುಖದ ಕೆಲಸ ಮಾಡುತ್ತೆ, ಹ್ಯಾಂಡಲ್ ಕೊಂಬಿನ ಕೆಲಸ ಮಾಡುತ್ತೆ. ಅಮೆರಿಕದ ಕಲಾವಿದ ರೌಷೆನ್‌ಬರ್ಗ್, ಸತ್ತ ಮೇಲೆ ಒಳಗೆ ತುಂಬಿಸಿಟ್ಟ ಅಂಗೋರಾ ಮೇಕೆ ಸೊಂಟಕ್ಕೆ ಟೈರ್ ತೊಡಿಸಿ, 1955ರಿಂದ 1959ರವರೆಗೆ ಅದನ್ನ ಹೇಗೆ ನಿಲ್ಲಿಸಬೇಕು ಅಂತ ಬದಲಾಯಿಸ್ತಾನೇ ಇದ್ದ. ದೊಡ್ಡ ಕೆಲಸ ಅಂತಾರೆ, ನನಗೆ ಅಷ್ಟು ಹಿಡಿಸಿಲ್ಲ, ಟೈರ್ ಏನು ಮಾಡ್ತಿದೆ ಅಂತ ಇನ್ನೂ ಗೊತ್ತಾಗಿಲ್ಲ. ನಾನು ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ ಕೇಳ್ಕೋತೀನಿ: ಇದನ್ನ ಬಣ್ಣದಲ್ಲಿ ಮಾಡೋಕಾಗುತ್ತಾ? ಆಗುತ್ತೆ ಅಂದ್ರೆ ಬಣ್ಣವೇ ಸಾಕು.

ಮೂತಿ ಬಣ್ಣದಲ್ಲಾಗುತ್ತೆ. ಅಲ್ಲಿ ಕೂದಲು ಗಿಡ್ಡ, ಬೂದು ಬಣ್ಣ, ತುಟಿ ಸಡಿಲ. ಮೈ ಆಗಲ್ಲ. ಕಪ್ಪು ಎನಾಮಲ್ ಹೊಡೆದ್ರೆ ಟ್ಯೂಬ್‌ಲೈಟ್ ಕೆಳಗೆ ಪಳಪಳ ಹೊಳೆಯುತ್ತೆ. ಕರಡಿ ಮೈ ಬೆಳಕನ್ನ ಕುಡೀಬೇಕು. ಕರಿ ಕಂಬಳಿ ಆ ಕೆಲಸ ಮಾಡುತ್ತೆ. ಇನ್ನೊಂದು ಅನುಕೂಲ, ಕರಿ ಕುರಿ ಉಣ್ಣೆ ಬಿಸಿಲಿಗೆ ಕಂದು ತಿರುಗುತ್ತೆ. ಕುರಿ ಕಾಯೋರ ಹಳೇ ಕಂಬಳಿ ನೋಡು, ಹೆಗಲ ಮೇಲೆ ಬೀಳೋ ಭಾಗ ಕಂದು, ಮಡಿಕೆಯ ಒಳಗೆ ಅಚ್ಚ ಕಪ್ಪು. ಒಂದೇ ಕಂಬಳಿಯಲ್ಲಿ ಬೆನ್ನಿನ ಬಣ್ಣ, ಹೊಟ್ಟೆ ಕೆಳಗಿನ ನೆರಳು ಎರಡೂ ಸಿಕ್ತು.

ತುಂಡು ಕತ್ತರಿಸಿ ಅಂಟಿಸಿದ್ರೆ ಆಟದ ಬೊಂಬೆ ಆಗುತ್ತೆ. ಹೊಕ್ಕಿನ ಎಳೆ, ಅಂದ್ರೆ ಅಡ್ಡ ನೂಲು, ಒಂದೊಂದೇ ಬಿಚ್ಚಿ, ಬೆರಳುದ್ದ ಕತ್ತರಿಸಿ, ಬಾಲದ ಕಡೆಯಿಂದ ಶುರು ಮಾಡಿ ಹೆಂಚು ಹೊದಿಸಿದ ಹಾಗೆ ಸಾಲು ಮೇಲೆ ಸಾಲು ಕತ್ತಿನವರೆಗೆ ಬಂದೆ. ಬುಡಕ್ಕೆ ಮಾತ್ರ ಅಂಟು, ತುದಿ ಬಿಡುವು. ಒಣಗಿದ ಮೇಲೆ ನಾವು ತಗಡಿನ ತುಕ್ಕು ಉಜ್ಜೋ ತಂತಿ ಬ್ರಷ್ ಇರುತ್ತಲ್ಲ, ಅದರಲ್ಲಿ ಬಾಚಿದೆ.

ನೀನು ಕೇಳಿದ ಜಾಗ, ಬಣ್ಣ ಉಣ್ಣೆ ಕೂಡೋದು, ಕಿವಿ ಹಿಂದೆ ಇದೆ. ಕರಡಿಗೆ ಕಿವಿ ಮೇಲೂ ಉದ್ದ ಕೂದಲಿರುತ್ತೆ, ಅದು ನನ್ನ ಪುಣ್ಯ. ಅಲ್ಲಿಗೆ ಬರ್ತಿದ್ದ ಹಾಗೆ ಎಳೆಯ ಹುರಿ ಬಿಚ್ಚಿದೆ, ಆಮೇಲೆ ಬಿಡಿ ಕೂದಲು ಮಾತ್ರ ಇಟ್ಟೆ. ಮೂತಿ ಕಡೆಯಿಂದ ಒಣ ಬ್ರಷ್‌ನಲ್ಲಿ ಕಾಡಿಗೆ ಗೆರೆ ಎಳೀತಾ ಹೋಗಿ ಆ ಕೂದಲ ಒಳಗೆ ನುಗ್ಗಿಸಿದೆ. ಕಾಡಿಗೆ ಅಂದ್ರೆ ನಿಜವಾದ ಕಾಡಿಗೆ. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಿಡಿದು ತೆಗೆದಿದ್ದು. ನೀರಿಗೆ ಹಾಕಿದ್ರೆ ಕಲೆಯಲ್ಲ, ತೇಲುತ್ತೆ. ಪಾಲಿಶ್ ಮಾಡೋರು ಬಳಸೋ ಸ್ಪಿರಿಟ್ ನಾಲ್ಕು ಹನಿ ಹಾಕಿ ತೇವ ಮಾಡಿಕೊಂಡು ಆಮೇಲೆ ಆಕ್ರಿಲಿಕ್ ಮೀಡಿಯಂಗೆ (ಬಣ್ಣ ಕಲಸೋ ಅಂಟು ದ್ರವ) ಸೇರಿಸು. ನಮ್ಮ ಕಡೆ ಕರಡಿ ರಾತ್ರಿ ಗುಡಿಗೆ ನುಗ್ಗಿ ದೀಪದ ಎಣ್ಣೆ ಕುಡಿದು ಹೋಗುತ್ತೆ, ಪೇಪರಲ್ಲಿ ಓದಿರ್ತೀಯ. ಹಾಗಾಗಿ ದೀಪದ ಕಪ್ಪು ಅಂತ ಒಂದು ಖುಷಿ. ಆದ್ರೆ ಅದಕ್ಕಾಗಿ ಬಳಸಿದ್ದಲ್ಲ, ಅಂಗಡಿ ಕಪ್ಪಿಗಿಂತ ಅದು ಮೆತ್ತಗಿದೆ ಅಂತ ಬಳಸಿದ್ದು.

ಮಣ್ಣು. ಜೀವಂತ ಹುತ್ತ ಒಡೀಬೇಡ, ಪೂಜೆ ಮಾಡೋರು ಬೈತಾರೆ, ಒಳಗೆ ಯಾರಿರ್ತಾರೋ ಗೊತ್ತಿಲ್ಲ. ಮಳೆ ಆದ್ಮೇಲೆ ಬುಡಕ್ಕೆ ಕೊಚ್ಚಿ ಬಂದಿರೋದು ಸಾಕು. ಗೆದ್ದಲು ಅರೆದ ಮಣ್ಣು ಬಹಳ ನುಣುಪು, ಅದಕ್ಕೇ ದಪ್ಪ ಬಳಿದ್ರೆ ಬಿರಿಯುತ್ತೆ. ಬಟ್ಟೆಯಲ್ಲಿ ಜರಡಿ ಹಿಡಿದು, ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಬೆರೆಸಿ ಅದರಲ್ಲಿ ಕಲಸಿದೆ. ತಳದ ಪದರಕ್ಕೆ ಸಣ್ಣಗೆ ಕತ್ತರಿಸಿದ ತೆಂಗಿನ ನಾರು. ತೆಳು ಪದರ, ಪೂರ್ತಿ ಒಣಗಿದ ಮೇಲೆ ಇನ್ನೊಂದು. ಕೊನೇ ಪದರ ಕೈಗೆ ಅಂಟದ ಹದಕ್ಕೆ ಬಂದಾಗ, ಮರದ ತುಂಡಿಗೆ ಐದು ಮೊಳೆ ಹೊಡೆದು ತುದಿ ಬಗ್ಗಿಸಿ ಇಟ್ಕೊಂಡಿದ್ದೆ, ಅದರಲ್ಲಿ ಜೋರಾಗಿ ಕೆರೆದೆ. ಕರಡಿ ತನ್ನ ಕಡೆಗೆ ಎಳ್ಕೊಂಡು ಕೆರೆಯೋದು, ಹಾಗಾಗಿ ಕೈಯೂ ಆ ದಿಕ್ಕಿಗೇ ಬರಬೇಕು. ಉಗುರು ನಾನು ಬರೆದೇ ಇಲ್ಲ, ನೋಡಿದ್ಯಾ? ಪಾದ ಹುತ್ತದ ಮರೆಗಿದೆ. ಗೀರು ಇದ್ದ ಮೇಲೆ ಉಗುರು ಯಾಕೆ.

ಹಲಗೆ ಪ್ಲೈವುಡ್. ಒಂದೇ ಕಡೆ ಪ್ರೈಮರ್ ಹೊಡೆದು ಮಣ್ಣು ಬಳಿದ್ರೆ ಖಂಡಿತ ಸೊಟ್ಟಗಾಗುತ್ತೆ. ಹಿಂದೆ, ಮುಂದೆ, ಅಂಚು ಎಲ್ಲ ಕಡೆ ಹೊಡೀಬೇಕು.

ಕಂಬಳಿ ಮನೆ, ಚಳ್ಳಕೆರೆ

ಅಣ್ಣಾ, ಚಿತ್ರ ನೋಡಿದೀನಿ, ಚೆನ್ನಾಗಿದೆ. ಆದ್ರೆ ಕಂಬಳಿ ಹರಿದಿದ್ದು ಅಂತ ಓದಿ ಒಂಥರಾ ಆಯ್ತು. ದೇವರ ಗದ್ದುಗೆಗೆ ಹಾಸೋ ವಸ್ತು. ಯಾರದ್ದು ಅದು?

ಇನ್ನೊಂದು. ನಾವು ಹಾಸು ನೂಲಿಗೆ, ಅಂದ್ರೆ ಮಗ್ಗದ ಉದ್ದ ನೂಲಿಗೆ, ಹುಣಸೆ ಬೀಜದ ಗಂಜಿ ಕೊಡ್ತೀವಿ. ಬೀಜ ಹುರಿದು ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿ ಕುಂಚದಲ್ಲಿ ಬಳಿಯೋದು. ಕಂಬಳಿ ಸೆಟೆದು ನಿಲ್ಲೋದು, ಸಣ್ಣ ಮಳೆ ತಡೆಯೋದು ಆ ಗಂಜಿಯಿಂದಲೂ ಹೌದು. ನಿಮ್ಮ ಕರಡಿಗೆ ನುಸಿ ಹತ್ತಲ್ವಾ? ಗಂಜಿ ಇರೋ ಉಣ್ಣೆ ಅಂದ್ರೆ ಹುಳಕ್ಕೆ ಹಬ್ಬ. ಫೆವಿಕಾಲ್ ಬದಲು ಅದೇ ಗಂಜಿ ಬಳಸಬಹುದಿತ್ತಲ್ಲ?

ಬೋರ್ಡ್ ಪೇಂಟರ್, ಚಿತ್ರದುರ್ಗ

ಹೆದರಬೇಡ ತಮ್ಮಾ, ಗದ್ದುಗೆ ಕಂಬಳಿ ಮುಟ್ಟಿಲ್ಲ. ಪರಶುರಾಂಪುರ ಕಡೆಯ ಕುರಿಯವರೊಬ್ಬರ ತೂತು ಬಿದ್ದ ಕಂಬಳಿ ಅದು. ಅವರಿಗೆ ಹೊಸದು ಕೊಡಿಸಿ ತಗೊಂಡೆ. ಹೊಸದರಲ್ಲಿ ನನಗೆ ಬೇಕಿದ್ದ ಕಂದು ಸಿಗ್ತಾನೂ ಇರಲಿಲ್ಲ.

ನುಸಿ ವಿಷಯ ಸರಿಯಾಗಿ ಹಿಡಿದೆ. ಎಳೆ ಬಿಚ್ಚೋ ಮುಂಚೆ ಬಿಸಿನೀರಲ್ಲಿ ನೆನೆಸಿ ಗಂಜಿ ತೆಗೆದೆ, ಒಣಗಿಸಿ ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ಹೋಗದ ಹಾಗೆ ಕಟ್ಟಿ ಪರಿಚಯದ ಐಸ್‌ಕ್ರೀಂ ಅಂಗಡಿ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿಸಿದೆ. ವಸ್ತುಸಂಗ್ರಹಾಲಯಗಳಲ್ಲೂ ಉಣ್ಣೆಯ ಹುಳ, ಮೊಟ್ಟೆ ಕೊಲ್ಲೋಕೆ ಗಡ್ಡೆಕಟ್ಟೋ ಚಳಿಯನ್ನೇ ಬಳಸ್ತಾರೆ. ಅಂಗಡಿಯವನ ಹೆಂಡತಿ 'ಕುಲ್ಫಿ ಪಕ್ಕ ಕುರಿನಾ' ಅಂತ ಕೇಳಿದ್ಲಂತೆ.

ಹುಣಸೆ ಗಂಜಿ ನನಗೂ ಇಷ್ಟ. ಕಿನ್ನಾಳದ ಬೊಂಬೆ ಮಾಡೋರು ಮರದ ಕೀಲು ಕೂಡಿಸೋಕೆ, ಮೇಲೆ ಮೆತ್ತೋಕೆ ಹುಣಸೆ ಬೀಜದ ಅಂಟೇ ಬಳಸ್ತಾ ಬಂದಿದ್ದಾರೆ. ಅವರದ್ದು ಮೇಲೆ ಬಣ್ಣ ಕುಡಿಸಿ ಮುಚ್ಚಿದ ಕೆಲಸ. ನಂದು ಗಾಳಿಗೆ ತೆರೆದ ಉಣ್ಣೆ, ಅದೂ ಸಾಂಬಾರ್ ಹಬೆಯ ಪಕ್ಕ. ಗಂಜಿ ಹಾಕಿದ್ರೆ ಬೂಸಲು ಗ್ಯಾರಂಟಿ. ಬಳಸಲೇಬೇಕು ಅಂದ್ರೆ ಪುಸ್ತಕದ ಬೈಂಡರ್‌ಗಳು ಮೈದಾ ಅಂಟಿಗೆ ಮೈಲುತುತ್ತ ಹಾಕ್ತಿದ್ದ ಹಾಗೆ ಒಂದು ಚಿಟಿಕೆ ಹಾಕಬೇಕು. ಅದು ವಿಷ, ಬರಿಗೈಯಲ್ಲಿ ಮುಟ್ಟಬಾರದು, ಮಕ್ಕಳ ಮನೆಯಲ್ಲಿ ಬೇಡವೇ ಬೇಡ.

ಶೇಂಗಾ ಹೊಲ, ಮೊಳಕಾಲ್ಮುರು

ಎಲ್ಲ ಕಲೆ ಕಲೆ ಅಂತೀರಿ. ನಮ್ಮ ಕಡೆ ಬಂದು ಒಂದು ರಾತ್ರಿ ಶೇಂಗಾ ಹೊಲ ಕಾಯ್ರಿ. ಕರಡಿ ಮೈಮೇಲೆ ಬಿದ್ರೆ ಮೊದಲು ಮುಖಕ್ಕೇ ಕೈ ಹಾಕುತ್ತೆ. ಬೆಳಿಗ್ಗೆ ಹೊತ್ತು ಹೊಲಕ್ಕೆ ಹೋಗೋಕೆ ನಮ್ಮ ಹೆಣ್ಣುಮಕ್ಕಳು ಅಂಜ್ತಾರೆ. ನೀವು ಖಾನಾವಳಿಲಿ ನೇತು ಹಾಕ್ಕೊಂಡು ಊಟ ಮಾಡ್ರಿ.

ಬೋರ್ಡ್ ಪೇಂಟರ್, ಚಿತ್ರದುರ್ಗ

ನೀವು ಹೇಳಿದ್ದಕ್ಕೆ ಎದುರು ಮಾತಿಲ್ಲ ಯಜಮಾನ್ರೇ. ಕರಡಿ ಕೈಗೆ ಸಿಕ್ಕವರೊಬ್ಬರ ಟೀ ಅಂಗಡಿಗೆ ನಾನು ಬೋರ್ಡ್ ಬರೆದಿದ್ದೀನಿ. ಒಂದು ಕಣ್ಣಿಲ್ಲ, ತುಟಿ ಹೊಲಿದಿದ್ದಾರೆ. ಬರೀತಾ ಇದ್ದಷ್ಟು ಹೊತ್ತೂ ಅವರು ಎದುರಿಗೇ ಕೂತಿದ್ರು. ಅದಾದ ಮೇಲೆ ಮುದ್ದು ಕರಡಿ ಬರೆಯೋಕೆ ಕೈ ಬರಲ್ಲ.

ಚಿತ್ರ ನೋಡಿದ್ರೆ ಒಂದು ಗಮನಿಸ್ರಿ. ಬೋರ್ಡ್ ಬರೆಯೋರು ಪ್ರಾಣಿಗೆ ಕಣ್ಣು ಬರೆದ ತಕ್ಷಣ ಒಂದು ಬಿಳಿ ಚುಕ್ಕೆ ಇಡ್ತೀವಿ, ಜೀವ ಬರುತ್ತೆ ಅಂತ. ಇಲ್ಲಿ ಇಟ್ಟಿಲ್ಲ. ಕರಡಿಗೆ ಕಣ್ಣು ಸಣ್ಣದು, ದೃಷ್ಟಿಯೂ ಮಂದ. ಹತ್ತಿರ ಬರೋವರೆಗೂ ನೀವು ಅದಕ್ಕೆ ಕಾಣಲ್ಲ, ಬೆಚ್ಚಿ ಬೀಳುತ್ತೆ, ಬೆಚ್ಚಿದ್ದಕ್ಕೇ ಮೈಮೇಲೆ ಬರುತ್ತೆ. ಹೊಳಪು ಇಟ್ಟಿರೋದು ಮೂಗಿನ ತುದಿಗೆ ಮಾತ್ರ, ಅದು ಎಲ್ಲ ತಿಳ್ಕೊಳ್ಳೋದು ವಾಸನೆಯಿಂದಲೇ. ಅದೊಂದು ಜಾಗಕ್ಕೆ ಎನಾಮಲ್, ಉಳಿದ ಮೂತಿಯೆಲ್ಲ ಆಕ್ರಿಲಿಕ್. (ವಿದ್ಯಾರ್ಥಿನಿ, ನೋಟ್ ಮಾಡ್ಕೋ: ಆಕ್ರಿಲಿಕ್ ಮೇಲೆ ಎನಾಮಲ್ ಕೂರುತ್ತೆ. ಎನಾಮಲ್ ಮೇಲೆ ಆಕ್ರಿಲಿಕ್ ಹೊಡೆದ್ರೆ ಸಿಪ್ಪೆ ಏಳುತ್ತೆ.)

ಚಿತ್ರದಲ್ಲಿ ಶೇಂಗಾ ಯಾಕಿಲ್ಲ, ಚಳ್ಳಕೆರೆಯವನಲ್ವಾ, ಸಿಪ್ಪೆ ಅಂಟಿಸಿದ್ರೆ ನಮ್ಮ ಸೀಮೆ ಕಾಣ್ತಿತ್ತು ಅಂತ ಒಬ್ಬರು ಸಲಹೆ ಕೊಟ್ಟಿದ್ರು. ಕರಡಿ ಹುತ್ತ ಕೆರೆಯುವಾಗ ಶೇಂಗಾಕ್ಕೆ ಅಲ್ಲೇನು ಕೆಲಸ? ನಿಮ್ಮ ಹೊಲದ ಕರಡಿ ಬೇರೆಯೇ ಚಿತ್ರ. ಅದಕ್ಕೆ ಕಾಯೋ ಮನುಷ್ಯನೂ ಬೇಕು. ನೀವು ಒಪ್ಪಿದ್ರೆ ಸುಗ್ಗಿ ಹೊತ್ತಿಗೆ ಬರ್ತೀನಿ, ನಿಮ್ಮ ಅಟ್ಟಣಿಗೆ ಮೇಲೆ ಜಾಗ ಕೊಡ್ರಿ.

ಶೇಂಗಾ ಹೊಲ, ಮೊಳಕಾಲ್ಮುರು

ಬರ್ರಿ. ಬ್ಯಾಟ್ರಿ ನೀವೇ ತರ್ರಿ, ಪಟಾಕಿ ನಮ್ಮ ಹತ್ರ ಐತೆ.

ಕ್ಯಾಮೆರಾ ಕಣ್ಣು, ಜಗಳೂರು

ಫೋಟೊ ನೋಡಿದೆ ಸರ್. ಎದೆ ಮೇಲಿನ ಬಿಳಿ ಗುರುತು ಕಾಣ್ತಿಲ್ಲ? ಕರಡಿ ಅಂದ ತಕ್ಷಣ ಜನ ಹುಡುಕೋದೇ ಅದನ್ನ. ನೀವು ಮುಂದೆ ನಮ್ಮ ರಂಗಯ್ಯನದುರ್ಗದ ಕೊಂಡುಕುರಿ ಮಾಡಬೇಕು. ನಾಲ್ಕು ಕೊಂಬಿನ ಪ್ರಾಣಿ ಇನ್ನೆಲ್ಲಿದೆ?

ಬೋರ್ಡ್ ಪೇಂಟರ್, ಚಿತ್ರದುರ್ಗ

ಪಕ್ಕದಿಂದ ಬಗ್ಗಿರುವಾಗ ಎದೆ ಗುರುತು ಕಾಣಲ್ಲ ಸ್ವಾಮಿ. ಕಾಣಲಿ ಅಂತ ಎದ್ದು ನಿಲ್ಲಿಸಿದ್ರೆ ಮತ್ತೆ ಕರಡಿ ಆಡಿಸೋನ ಕರಡಿಯಾಗಿಬಿಡುತ್ತೆ. ಕೊಂಡುಕುರಿ ಆಸೆ ಇದೆ. ಗಂಡಿಗೆ ಹಿಂದಿನ ಜೋಡಿ ಉದ್ದ, ಮುಂದಿನದು ಮೋಟು, ಹೆಣ್ಣಿಗೆ ಕೊಂಬೇ ಇಲ್ಲ. ಬರೆದ್ರೆ ನಾನು ಹೆಣ್ಣನ್ನ ಬರೀಬೇಕು ಅಂತಿದ್ದೀನಿ, ನೀವು ಬೈತೀರಿ.

ದೃಶ್ಯಕಲೆ ವಿದ್ಯಾರ್ಥಿನಿ, ದಾವಣಗೆರೆ

ತುಂಬಾ ಥ್ಯಾಂಕ್ಸ್ ಅಜ್ಜ (ಸಾರಿ, ಸರ್!). ಇವತ್ತು ಕೂತು ಪೇಪರ್ ಕಟಿಂಗ್, ಗೆಜ್ಜೆ ಎಲ್ಲ ಕಿತ್ತೆ. ಗೋಣಿತಾಟು, ಕೊಬ್ಬರಿ, ರಿಬ್ಬನ್ ಉಳಿದಿದೆ. ಕೊಬ್ಬರಿ ಹಾರ ಇಲ್ಲದೆ ನಮ್ಮ ಕಡೆ ಹೋರಿನೇ ಅಲ್ಲ. ಇದನ್ನಾದ್ರೂ ಇಟ್ಕೋಬಹುದಾ?

ಬೋರ್ಡ್ ಪೇಂಟರ್, ಚಿತ್ರದುರ್ಗ

ಕೊಬ್ಬರಿ ಅಂಟಿಸಬೇಡ. ಬೇಸಿಗೆಗೆ ಎಣ್ಣೆ ಬಿಡುತ್ತೆ, ಸುತ್ತ ಹಳದಿ ಕಲೆ ಆಗುತ್ತೆ, ಕಮಟು ವಾಸನೆ ಬರುತ್ತೆ, ಇರುವೆ, ಇಲಿ ಎಲ್ಲ ನಿನ್ನ ಚಿತ್ರ ನೋಡೋಕೆ ಬರ್ತಾವೆ. ಅದು ಬಣ್ಣದಲ್ಲಿ ಚೆನ್ನಾಗೇ ಬರುತ್ತೆ, ಒಳಗಿನ ಬಿಳಿ, ಅಂಚಿನ ಕಂದು, ಎರಡು ಬ್ರಷ್ ಕೆಲಸ.

ರಿಬ್ಬನ್ ಇಟ್ಕೋ. ಹೋರಿ ಓಡುವಾಗ ಎಲ್ಲಕ್ಕಿಂತ ಹಿಂದೆ ಹಾರೋದು ಅದು, ಓಟ ಅದರಲ್ಲೇ ಕಾಣುತ್ತೆ. ಕೊಂಬಿಗೆ ಬುಡ ಮಾತ್ರ ಅಂಟಿಸಿ, ಉಳಿದದ್ದು ಹಲಗೆಯ ಅಂಚು ದಾಟಿ ಹೊರಗೆ ಹೋಗಲಿ, ಫ್ಯಾನ್ ಹಾಕಿದ್ರೆ ಅಲ್ಲಾಡಲಿ. ಗೋಣಿತಾಟು ಮೈಗೆ ಹಾಕಿದ್ದೀಯಾ? ಹೋರಿ ಚರ್ಮ ನುಣುಪು, ಎಣ್ಣೆ ಸವರಿರ್ತಾರೆ, ಗೋಣಿ ಅಲ್ಲಿ ತಪ್ಪು ಮಾತಾಡುತ್ತೆ. ಮೈ ಬಣ್ಣದಲ್ಲಿ ಮಾಡಿ, ಗೋಣಿನ ಅಖಾಡದ ನೆಲಕ್ಕೆ ಇಳಿಸಿ ನೋಡು. ಎಳೆ ಅಲ್ಲಲ್ಲಿ ಬಿಚ್ಚಿದ್ರೆ ಗೊರಸಿಗೆ ಎದ್ದ ಧೂಳು ಸಿಗಬಹುದು.

ಎಲ್ಲಕ್ಕಿಂತ ಮೊದಲು ಬೆನ್ನಿನ ಗೆರೆ ಎಳೆದು ಇಲ್ಲಿ ಹಾಕು, ನೋಡೋಣ. ಫೋಟೊ ಟ್ಯೂಬ್‌ಲೈಟ್ ಕೆಳಗೆ ತೆಗೀಬೇಡ. ಬೆಳಿಗ್ಗೆ ಕಿಟಕಿ ಪಕ್ಕ, ಬೆಳಕು ಓರೆಯಾಗಿ ಬೀಳುವಾಗ ತೆಗಿ.